ಲಕ್ಷ್ಮಕ್ಕನ ಬಾಯಿ ಮತ್ತು ಹಾಜರಿ ಪುಸ್ತಕ

ಎರಡು ವರ್ಷದ ಹಿಂದಿನ ಕಾಫಿ ಪಿಕ್ಕಿಂಗ್ ಸಮಯ. ಶ್ರೀಮಂಗಲದ ಹತ್ತಿರದ ಒಂದು ಎಸ್ಟೇಟಿನ ಆಫೀಸಿಗೆ ಕಂಪ್ಯೂಟರ್ ಕೆಲಸಕ್ಕೆಂದು ನಾನು ಸೇರಿ ಮೂರು ತಿಂಗಳಾಗಿತ್ತು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಪುರಾವೆ ಇಲ್ಲದ ಮಾತನ್ನು ನಂಬದ ಚಟ ಅಂಟಿಕೊಂಡಿತ್ತು.

ಕೊಯ್ಲಿನ ನಡುವೆಯೇ ಕೆಲಸದವರು ಒಬ್ಬೊಬ್ಬರಾಗಿ ಲೈನ್‌ಮನೆ ಖಾಲಿ ಮಾಡಿ ಹೋಗುತ್ತಿದ್ದರು. ಇದಕ್ಕೆಲ್ಲ ಕೊಯ್ಯುವವರ ಮೇಲ್ವಿಚಾರಣೆಯ ಮೇಸ್ತ್ರಿ ಲಕ್ಷ್ಮಕ್ಕನ ಬಾಯಿಯೇ ಕಾರಣ, ಶನಿವಾರ ಅವರನ್ನು ಕೆಲಸದಿಂದ ಬಿಡಿಸುವುದೇ ಸರಿ ಎಂದು ತೋಟದ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರ್ ಸುಬ್ಬಯ್ಯನವರು ಸಾಹುಕಾರರನ್ನು ಒಪ್ಪಿಸಿಬಿಟ್ಟಿದ್ದರು. ಪುರಾವೆ ಏನು ಎಂದು ರೈಟರನ್ನು ಕೇಳಿದೆ.

"ಇಪ್ಪತ್ತು ವರ್ಷದಿಂದ ತೋಟ ನೋಡ್ತಾ ಇದ್ದೀನಮ್ಮಾ. ನೀನು ಚಪ್ಪಾಳೆಗೆ ಮಾತಾಡಿದವಳು," ಎಂದರು.

ಅದು ಚುಚ್ಚಿತು. ಆ ವರ್ಷದ್ದೂ ಅದರ ಹಿಂದಿನ ವರ್ಷದ್ದೂ ಹಾಜರಿ ಪುಸ್ತಕ ತಂದು, ಯಾರು ಯಾವ ದಿನ ತೋಟದ ಯಾವ ಬ್ಲಾಕಿನಲ್ಲಿ ಕೊಯ್ದರು, ಯಾವತ್ತು ಬಿಟ್ಟರು ಎಂಬುದನ್ನೆಲ್ಲ ಕಂಪ್ಯೂಟರಿಗೆ ಹಾಕಿದೆ. ದೂರದ ಬ್ಲಾಕಿನವರೇ ಹೋಗಿರುತ್ತಾರೆ ಎಂಬುದು ನನ್ನ ಊಹೆ. ಅದು ಸುಳ್ಳಾಯಿತು. ಆದರೆ ಬಿಟ್ಟುಹೋದವರಲ್ಲಿ ಹೆಚ್ಚಿನವರನ್ನು ಅದರ ಹಿಂದಿನ ವಾರವಷ್ಟೇ ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹಾಕಿದ್ದರು.

ಯಾಕೆ ಹೀಗೆ ಎಂದು ಲಕ್ಷ್ಮಕ್ಕನನ್ನೇ ಕೇಳಿದೆ.

"ಒಂದು ಗಿಡಕ್ಕೆ ಇಬ್ಬರು ಕಣವ್ವ, ಆ ಕಡೆಗೊಬ್ಬಳು ಈ ಕಡೆಗೊಬ್ಬಳು. ಕಷ್ಟಸುಖ ಎಲ್ಲಾ ಆ ಗಿಡದ ಹತ್ರಾನೇ. ಜೋಡಿ ಮುರಿದ್ರೆ ಯಾರ ಜತೆ ಮಾತಾಡ್ತಾ ಕೊಯ್ಯೋದು?"

ಕೈ ಚುರುಕಿದ್ದವರನ್ನು ಆರಿಸಿ, ಹಣ್ಣು ಹೆಚ್ಚಿದ್ದ ಬ್ಲಾಕಿಗೆ ಕಳಿಸುತ್ತಿದ್ದವರು ರೈಟರ್. ಲಕ್ಷ್ಮಕ್ಕನನ್ನು ಯಾರೂ ಕೇಳಿರಲಿಲ್ಲ.

ಯಾರಿಗೆ ಯಾರು ಜೋಡಿ ಎಂದು ಲಕ್ಷ್ಮಕ್ಕನನ್ನೇ ಕೇಳಿ ಬರೆದುಕೊಂಡು, ಶುಕ್ರವಾರ ಸಾಹುಕಾರರ ಮುಂದೆ ಹಾಳೆ ಇಟ್ಟೆ. ಲಕ್ಷ್ಮಕ್ಕನ ಅದೇ ಗುಂಪಿನಲ್ಲಿ ಜೋಡಿ ಮುರಿಯದವರು ಹೆಚ್ಚುಕಮ್ಮಿ ಎಲ್ಲರೂ ಉಳಿದಿದ್ದರು.

"ಬೈಗುಳ ಎಲ್ಲರಿಗೂ ಒಂದೇ ಸಾರ್. ಬಾಯಿ ಕಾರಣ ಆಗಿದ್ರೆ ಇವರೂ ಹೋಗ್ಬೇಕಿತ್ತಲ್ಲ?"

ಸಾಹುಕಾರರು ಹಾಳೆಯನ್ನು ರೈಟರ್ ಕಡೆ ತಳ್ಳಿದರು. ಸುಬ್ಬಯ್ಯನವರು ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಕೊನೆಗೆ, "ಸರಿಯಾಗೇ ಇದೆ. ಸೋಮವಾರದಿಂದ ಜೋಡಿ ಮುರಿಯೋದು ಬೇಡ," ಎಂದರು. ಹಾಗೆ ಹೇಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಸೋತ ಪಕ್ಷದಲ್ಲಿ ನಾನೂ ಕೂತವಳೇ.

ಕೆಲಸ ಉಳಿಯಿತೆಂದು ತಿಳಿದಾಗ ಲಕ್ಷ್ಮಕ್ಕ, "ನನ್ನ ಬಾಯಿ ಜೋರು ಅನ್ನೋದಂತೂ ನಿಜ, ಅದನ್ನೂ ಬರ್ಕೋ," ಎಂದರು.

ಆ ಕೊಯ್ಲು ಮುಗಿಯುವವರೆಗೆ ಅವರ ಗುಂಪಿನಿಂದ ಹೋದವಳು ಒಬ್ಬಳೇ, ಅದೂ ಮಗಳ ಬಾಣಂತನಕ್ಕೆ.

ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್‌ಗಳು ಮನೆಯ ಶೋಕೇಸಿನಲ್ಲಿವೆ. ಅವೆಲ್ಲ ಯಾರೋ ಕೊಟ್ಟ ಪಕ್ಷ ಹಿಡಿದು ವಾದಿಸಿ ತಂದವು. ನನಗೆ ಹೆಮ್ಮೆಯೆನಿಸುವುದು ಆಫೀಸಿನ ಹಾಜರಿ ಪುಸ್ತಕ ತೆರೆದಾಗ. ಅದರಲ್ಲೀಗ ಒಂದೊಂದು ಸಾಲಿನಲ್ಲೂ ಜೋಡಿಯಾಗಿ ಎರಡೆರಡು ಹೆಸರುಗಳಿವೆ.