ಆ ಶುಕ್ರವಾರದ ಪುಟಕ್ಕೆ ನಾನು ಹಾಕಿದ ಸಹಿ

ಕಣ್ಣಿಗೆ ಕಾಣದ್ದನ್ನು ನಂಬುವುದೇ ನನ್ನ ಕಸುಬು. ಮೈಕ್ರೋಬಯಾಲಜಿ ಕಲಿಸುವವಳು ನಾನು. ಆದರೆ ಅದು ಸೂಕ್ಷ್ಮದರ್ಶಕದ ಕೆಳಗಾದರೂ ಕಾಣಬೇಕೆಂಬ ಹಟ ನನ್ನದು. ಸತ್ತವರನ್ನು ಕಂಡೆವು ಎನ್ನುವವರಿಗೆ, ಹೊತ್ತಿಗೆ ಸರಿಯಾಗಿ ಊಟ ನಿದ್ದೆ ಮಾಡಿ ಎಂದು ಬುದ್ಧಿ ಹೇಳುತ್ತಿದ್ದೆ. ಈಗ ಯಾರಾದರೂ ನನಗೆ ಅದೇ ಮಾತು ಹೇಳಿದರೆ ಸುಮ್ಮನಿರುವುದಿಲ್ಲ, ಓದುಗರು ಕ್ಷಮಿಸಬೇಕು.

ಮಣಿಪಾಲ ಬಿಟ್ಟು ಹೊರದೇಶದ ಸೈಬರ್‌ಜಯಾ ಪಟ್ಟಣದ ಮೆಡಿಕಲ್ ಕಾಲೇಜೊಂದಕ್ಕೆ ಸೇರಿ ಆರು ವರ್ಷವಾಗಿದ್ದಾಗ ನಮ್ಮ ಲ್ಯಾಬಿಗೆ ಗ್ರಿಗೊರಿ ಎಂಬ ಹಿರಿಯರು ಬಂದರು. ಪ್ರಾಯದಲ್ಲಿ ತಮ್ಮ ದೇಶದ ಸೈನ್ಯಕ್ಕೆ ಅಸ್ತ್ರವಾಗಲೆಂದು ರೋಗಾಣು ಬೆಳೆಸಿದವರು. ಆ ಕೇಂದ್ರ ಮುಚ್ಚಿದ ಮೇಲೆ, ಇಂಥವರ ವಿದ್ಯೆ ಕೆಟ್ಟವರ ಕೈಗೆ ಸಿಗದಿರಲೆಂದು ಹಲವು ದೇಶಗಳು ಸೇರಿ ನಡೆಸುವ ನಿಧಿಯೊಂದು ಅವರಿಗೆ ಕೆಲಸ ಕೊಟ್ಟಿತ್ತು. ಗದ್ದೆಯ ಕೆಸರಿನಿಂದ ರೈತರಿಗೆ ಹತ್ತುವ ಒಂದು ಜ್ವರವನ್ನು ಬೇಗ ಪತ್ತೆಹಚ್ಚುವ ಪರೀಕ್ಷೆಯನ್ನು ನಾವಿಬ್ಬರೂ ಕಟ್ಟುತ್ತಿದ್ದೆವು.

ನಿಧಿಯವರದು ಒಂದು ನಿಯಮ. ಗ್ರಿಗೊರಿ ಪ್ರಯೋಗದ ಪುಸ್ತಕದಲ್ಲಿ ಬರೆದ ಪ್ರತಿ ಪುಟಕ್ಕೂ, ಇದು ನನ್ನ ಕಣ್ಣೆದುರು ನಡೆಯಿತೆಂದು ನಾನು ವೇಳೆ ನಮೂದಿಸಿ ಸಹಿ ಹಾಕಬೇಕು. ಬೇರೆ ಲ್ಯಾಬುಗಳಲ್ಲಿ ವಾರದ ಪುಟಗಳಿಗೆಲ್ಲ ಒಟ್ಟಿಗೆ ಸಹಿ ಗೀಚುವವರಿದ್ದಾರೆ. ನಾನು ಒಮ್ಮೆಯೂ ಹಾಗೆ ಮಾಡಲಿಲ್ಲ. ಅಲ್ಲಿ ಅಸ್ತ್ರ ಮಾಡುತ್ತೇನೋ ಇಲ್ಲವೋ ನೋಡಲು ಕಾವಲಿತ್ತು, ಇಲ್ಲಿ ಮಾಡದಿರುವುದನ್ನು ನೋಡಲು ನೀನಿದ್ದೀಯ ಎಂದು ಅವರು ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು.

ಆ ಶುಕ್ರವಾರ ಮಧ್ಯಾಹ್ನ ಎಲ್ಲರೂ ನಮಾಜಿಗೆ, ಊಟಕ್ಕೆ ಹೋಗಿ ಲ್ಯಾಬು ಖಾಲಿಯಾಗಿತ್ತು. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಿಂದ ರೋಟಿ ಕಟ್ಟಿಸಿಕೊಂಡು ಬಂದರೆ ಗ್ರಿಗೊರಿ ತಮ್ಮ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದರು. ಬನ್ನಿ, ತಿನ್ನೋಣ ಎಂದೆ. ಕೈಯಲ್ಲೇ ಬೇಡವೆಂದರು. ರೋಗಾಣು ಬೆಳೆಸಲಿಟ್ಟ ಮೂರನೆಯ ತಟ್ಟೆಯಲ್ಲಿ ಏನೂ ಬೆಳೆದಿಲ್ಲವೆಂದು ಎಸೆಯಬೇಡ, ಸೋಮವಾರ ನೋಡು ಎಂದು ಹೇಳಿ ಪುಸ್ತಕ ನನ್ನತ್ತ ಸರಿಸಿದರು. ಓದಿದೆ, ಅದರಲ್ಲೂ ಅದೇ ಮಾತು ಬರೆದಿತ್ತು. ಎರಡು ಗಂಟೆ ಹತ್ತು ನಿಮಿಷ ಎಂದು ಬರೆದು ಸಹಿ ಹಾಕಿ ಕ್ಲಾಸಿಗೆ ಹೋದೆ.

ನಾಲ್ಕಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಬೆಳಿಗ್ಗೆ ಎಂಟಕ್ಕೇ ಗ್ರಿಗೊರಿ ತಮ್ಮ ಫ್ಲ್ಯಾಟಿನಲ್ಲಿ ಕುಸಿದು ಬಿದ್ದಿದ್ದರು. ಹನ್ನೊಂದಕ್ಕೆ ಜೀವ ಹೋಗಿತ್ತು.

ನಾನು ಪುಸ್ತಕ ತೆರೆದು ನೋಡಿದೆ. ಅವರ ಓರೆ ಅಕ್ಷರ, ಆ ದಿನದ ತಾರೀಖು, ಕೆಳಗೆ ನನ್ನ ಸಹಿ. ಭಯವಾಯಿತು, ಮುಚ್ಚಿಡುವುದೇಕೆ?

ಮುಂದಿನ ವಾರ ನಿಧಿಯ ಮೂವರು ವಿಚಾರಣೆಗೆ ಬಂದರು. ಬಾಗಿಲಿನ ದಾಖಲೆಯಲ್ಲಿ ಆ ಮಧ್ಯಾಹ್ನ ನನ್ನ ಕಾರ್ಡ್ ಒಂದೇ ಇತ್ತು. ಅವರೆದುರು ಹೋಗುವ ಮೊದಲು ನಮ್ಮ ವಿಭಾಗದ ಮುಖ್ಯಸ್ಥರು, ಉಡುಪಿಯವರು, ನನ್ನನ್ನು ಪಕ್ಕಕ್ಕೆ ಕರೆದರು.

"ಗುರುವಾರವೇ ಮರುದಿನದ ಡೇಟ್ ಹಾಕಿ ಬರೆದಿಟ್ಟದ್ದಕ್ಕೆ ನೋಡದೇ ಸೈನ್ ಹಾಕಿದೆ ಅಂತ ಹೇಳಿಬಿಡಿ ಮಾರಾಯ್ರೆ. ಮಿಸ್ಟೇಕ್ ಎಲ್ರಿಗೂ ಆಗ್ತದೆ. ಒಂದು ವಾರ್ನಿಂಗ್ ಕೊಟ್ಟು ಬಿಡ್ತಾರೆ."

"ನೋಡದೇ ಒಂದಕ್ಕೆ ಹಾಕಿದೆ ಅಂದ್ರೆ, ಎರಡು ವರ್ಷದ್ದು ಎಲ್ಲಾ ಹಾಗೇ ಹಾಕಿದ್ದು ಅಂತ ಆಗ್ತದೆ ಸರ್. ಆಗ ಅವ್ರ ಕೆಲಸ ಪೂರ್ತಿ ಕಸದ ಬುಟ್ಟಿಗೆ. ಬಾಂಬಿನವನು ಅಂತ ಮೊದಲೇ ಯಾರೂ ಅವ್ರನ್ನ ನಂಬ್ತಿರ್ಲಿಲ್ಲ."

ಅವರು ತಲೆ ಚಚ್ಚಿಕೊಂಡರು. ನಾನು ಒಳಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದೆ. ಒಬ್ಬರು ಕನಿಕರದಿಂದ, ದಣಿವಿನಲ್ಲಿ ಹಾಗೆಲ್ಲ ಅನಿಸುವುದುಂಟು, ಆ ಸಹಿಯ ಮೇಲೆ ಒಂದು ಗೆರೆ ಎಳೆದರೆ ಸಾಕು ಎಂದು ಪೆನ್ನು ಚಾಚಿದರು. ನನಗೆ ಸಿಟ್ಟು ನೆತ್ತಿಗೇರಿತು. ಗ್ರಿಗೊರಿಯವರ ಮೇಲೆ ಕಣ್ಣಿಡಲೆಂದು ನೀವೇ ನನ್ನನ್ನು ಕೂರಿಸಿದಿರಿ, ಕಣ್ಣಿಟ್ಟೆ, ಕಂಡದ್ದಕ್ಕೆ ಸಹಿ ಹಾಕಿದೆ ಎಂದೆ. ಪೆನ್ನು ಮುಟ್ಟಲಿಲ್ಲ.

ಸೋಮವಾರವೇ ಮೂರನೆಯ ತಟ್ಟೆಯಲ್ಲಿ ರೋಗಾಣು ಬೆಳೆದಿತ್ತು. ಅದು ಬೆಳೆಯುತ್ತದೆಂದು ಗುರುವಾರವೇ ಊಹಿಸಿ ಬರೆದಿಡಲು ಯಾರಿಗೂ ಸಾಧ್ಯವಿರಲಿಲ್ಲ. ಅದನ್ನೂ ಅವರೆದುರು ಇಟ್ಟೆ. ಅವರು ನೋಡಿ ಬರೆದುಕೊಂಡರು. ಉಳಿದ ಪುಟಗಳನ್ನೆಲ್ಲ ಒಪ್ಪಿಕೊಂಡರು. ಆ ಪುಟಕ್ಕೆ ಪ್ರಶ್ನೆಚಿಹ್ನೆ ಬಿತ್ತು, ಆ ಯೋಜನೆಯಿಂದ ನನ್ನ ಹೆಸರು ಹೋಯಿತು.

ಅಂದು ಸ್ಟೂಲಿನ ಮೇಲೆ ಯಾರಿದ್ದರೋ ನನಗೆ ಗೊತ್ತಿಲ್ಲ. ಪರೀಕ್ಷೆ ಈಗ ಈ ದೇಶದ ಉತ್ತರಭಾಗದ ಗದ್ದೆಸೀಮೆಯ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ, ಅದರ ವರದಿಯಲ್ಲಿ ಗ್ರಿಗೊರಿಯವರ ಹೆಸರು ಮೊದಲಿದೆ. ಮತ್ತೆ ಕರೆಸಿ ಕೇಳಿದರೂ ನಾನು ಆ ಸಹಿಯ ಮೇಲೆ ಗೆರೆ ಎಳೆಯುವವಳಲ್ಲ.