ಖಾಲಿ ಸೀಟಿಗೆ ಬೆಲ್ಟು ಹಾಕಿದ್ದು

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಾಲ್ಕಕ್ಷರ ಓದಿದವರು ಕೂಡ ತಮ್ಮ ಸೋದರಮಾವನಿಗೆ ಬಾವಿಕಟ್ಟೆಯ ಮೇಲೆ ಏನೋ ಕಂಡಿತಂತೆ ಎಂದು ಕಣ್ಣರಳಿಸುವಾಗ, ಇವರಿಗೆ ಡಿಗ್ರಿ ಕೊಟ್ಟವರು ಯಾರಪ್ಪಾ ಎನ್ನಿಸುತ್ತಿತ್ತು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗು ಬಂದರೆ ನಕ್ಕುಬಿಡಿ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ನಡೆದದ್ದೆಲ್ಲ ಹಾಡಹಗಲಿನಲ್ಲಿ, ಅದೂ ಒಂದು ಕಾರಿನ ಸೀಟಿನಲ್ಲಿ.

ಲಕ್ಷ್ಮೀ ನಗರಕ್ಕೆ ಮೆಟ್ರೊ ಇನ್ನೂ ಬಂದಿರಲಿಲ್ಲ, ರಸ್ತೆ ನಡುವೆ ಕಂಬಗಳು ಏಳುತ್ತಿದ್ದವು. ನನ್ನ ಮನೆ ಪಟ್‌ಪರ್‌ಗಂಜಿನಲ್ಲಿ, ಆಫೀಸು ಗ್ರೇಟರ್ ನೋಯ್ಡಾದಲ್ಲಿ. ನಮ್ಮ ಸ್ಟೋರ್ಸ್ ವಿಭಾಗದಲ್ಲಿ ಗುರುಪಾದಪ್ಪ ಎಂಬ ದಾವಣಗೆರೆ ಕಡೆಯವರೊಬ್ಬರಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಮ್ಯಾನೇಜರ್ ಎಂಬ ಒಂದೇ ಕಾರಣಕ್ಕೆ ನನ್ನನ್ನು ಸಾರ್ ಎನ್ನುತ್ತಿದ್ದರು. ದೆಹಲಿಯಲ್ಲಿ ಕನ್ನಡದವರು ಸಿಕ್ಕಿದರೆ ಮೊದಲ ಒಂದು ವಾರ ಬಹಳ ಖುಷಿಯಾಗುತ್ತದೆ. ಆ ಖುಷಿಯಲ್ಲಿ, ದಿನಾ ನನ್ನ ಜೊತೆಗೇ ಬನ್ನಿ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಅವರು ಎರಡು ವರ್ಷ ಬಿಡದೆ ಬಂದರು.

ಅವರಿಗಾಗಿ ನಾನು ಲಕ್ಷ್ಮೀ ನಗರದವರೆಗೆ ಸುತ್ತುಹಾಕಬೇಕಿತ್ತು. ಎಂಟು ಹತ್ತಕ್ಕೆ ಹಾಲಿನ ಬೂತಿನ ಮುಂದೆ ಸಿದ್ಧವಾಗಿ ನಿಂತಿರುತ್ತಿದ್ದರು. ಒಂಬತ್ತೂಕಾಲಿಗೆ ಆಫೀಸಿನ ಗೇಟಿನಲ್ಲಿ ಇಳಿಯುತ್ತಿದ್ದರು. ನಡುವಿನ ಆ ಒಂದು ಗಂಟೆ ಐದು ನಿಮಿಷ ನನ್ನ ಜೀವ ಹಿಂಡಿ ಹಿಪ್ಪೆಯಾಗುತ್ತಿತ್ತು. ತಲೆಗೆ ಹಚ್ಚಿದ ಹರಳೆಣ್ಣೆಯ ವಾಸನೆ, ತೊಡೆಯ ಮೇಲೆ ಊಟದ ಡಬ್ಬಿ. ಮೊದಲು ಕೋಚಿಂಗ್ ಸೆಂಟರುಗಳ ಬೋರ್ಡುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದುವುದು. ಬೋರ್ಡು ಮುಗಿದ ಮೇಲೆ ಅವರ ಊರಿನ ದೆವ್ವಗಳ ಸರದಿ. "ನಂಬಲ್ವಾ ಸಾರ್? ಹೋಗ್ಲಿ ಬಿಡಿ, ಇನ್ನೊಂದು ಹೇಳ್ತೀನಿ" ಎಂದು ತಾವೇ ನಗುತ್ತಿದ್ದರು. ಆ ನಗು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ನೇರವಾಗಿ ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ನಮ್ಮಂಥ ಸುಸಂಸ್ಕೃತರು ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ, ಸುಳ್ಳು ಹೇಳುತ್ತೇವೆ. ನನ್ನದು ಹೊರದೇಶದಿಂದ ಬಂದ ಹಳೆಯ ಕಾರು. ಮುಂದಿನ ಸೀಟಿನ ಮೆತ್ತೆಯ ಕೆಳಗೆ ಒಂದು ಸೆನ್ಸರ್. ಅಲ್ಲಿ ಯಾರಾದರೂ ಕೂತರೆ ಅದಕ್ಕೆ ತಿಳಿಯುತ್ತದೆ, ಎದುರಿಗೆ ಒಂದು ದೀಪ ಹೊತ್ತಿಕೊಳ್ಳುತ್ತದೆ, ಅಪಘಾತವಾದರೆ ಆ ಕಡೆಯ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತದೆ. ಒಂದು ಸೋಮವಾರ ಬೂತಿನ ಮುಂದೆ ಕಾರು ನಿಲ್ಲಿಸಿ, ಇಂಜಿನಿಯರನ ಗತ್ತಿನಲ್ಲಿ ಹೇಳಿದೆ: "ಸೆನ್ಸರ್ ಹೋಗಿದೆ ಗುರುಪಾದಪ್ಪನವರೇ. ಹೊಸದು ಜಪಾನಿನಿಂದ ಬರಬೇಕು. ಅಲ್ಲೀವರೆಗೂ ಮುಂದುಗಡೆ ಯಾರನ್ನೂ ಕೂರಿಸಬೇಡಿ ಅಂದಿದಾನೆ ಗ್ಯಾರೇಜಿನ ಮಿಸ್ತ್ರಿ." ಅವರು ಒಂದು ಕ್ಷಣ ಕಾರನ್ನು ನೋಡಿದರು, ನನ್ನನ್ನು ನೋಡಿದರು. "ಅಚ್ಛಾ. ಹಾಗಾದ್ರೆ ಬೇಡ ಸಾರ್, ನಾನು ಬಸ್ಸಿಗೆ ಬರ್ತೀನಿ" ಎಂದರು. ಇಷ್ಟು ಸುಲಭಕ್ಕೆ ನಂಬಿದನಲ್ಲ ಎಂದು ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ಹೋದೆ.

ಮೂರನೇ ವಾರ ಗುರುಪಾದಪ್ಪ ಬಸ್ಸು ಹತ್ತುವಾಗ ಬಿದ್ದರು. ಎರಡೂ ಕಾಲು ಮೇಲೆ ಬರುವ ಮೊದಲೇ ಬಸ್ಸು ಹೊರಟಿತ್ತಂತೆ. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದರು, ಆಫೀಸಿನವರೆಲ್ಲ ಹಣ್ಣು ಹಿಡಿದುಕೊಂಡು ಹೋಗಿ ನೋಡಿ ಬಂದರು. ನಾನು ಹೋಗಲಿಲ್ಲ. ಬಸ್ಸಿನವರ ಯೋಗ್ಯತೆಯ ಬಗ್ಗೆ ಮಾತ್ರ ಕ್ಯಾಂಟೀನಿನಲ್ಲಿ ಉದ್ದುದ್ದ ಭಾಷಣ ಬಿಗಿದೆ.

ಮಾರನೇ ವಾರವೇ ಸೆನ್ಸರ್ ನಿಜವಾಗಿ ಕೆಟ್ಟಿತು. ಏರ್‌ಬ್ಯಾಗಿನ ಕೆಂಪು ದೀಪ ಹೊತ್ತಿಕೊಂಡು ಆರಲೇ ಇಲ್ಲ. ಹಳೆಯ ಕಾರು, ಕೆಡದೆ ಏನು ಮಾಡೀತು? ಶನಿವಾರ ಮಧ್ಯಾಹ್ನ ನೋಯ್ಡಾದ ಮಿಸ್ತ್ರಿ ಇಕ್ಬಾಲನ ಹತ್ತಿರ ಹೋಗಿ ಹೊಸ ಸೆನ್ಸರ್ ಹಾಕಿಸಿದೆ. ಹಾಕಿದರಷ್ಟೇ ಸಾಲದು, ಸೀಟಿನ ಮೇಲೆ ಏನೂ ಇಲ್ಲದಾಗ ಲ್ಯಾಪ್‌ಟಾಪ್ ಜೋಡಿಸಿ, ಇದು ಖಾಲಿ ಎಂದು ಅದಕ್ಕೆ ಕಲಿಸಬೇಕು. ಇಕ್ಬಾಲ್ ಕಲಿಸಿದ, ದೀಪ ಆರಿತು.

ಸೋಮವಾರ ನೋಯ್ಡಾ ರಸ್ತೆಯಲ್ಲಿದ್ದೆ. ಒಬ್ಬನೇ. ಪಕ್ಕದ ಸೀಟಿನ ಮೇಲೆ ಒಂದು ಕಾಗದದ ಚೂರೂ ಇರಲಿಲ್ಲ. ಇದ್ದಕ್ಕಿದ್ದಂತೆ, ಯಾರೋ ಕೂತಿದ್ದಾರೆ ಎನ್ನುವ ದೀಪ ಬಂತು, ಜೊತೆಗೆ ಬೆಲ್ಟು ಹಾಕಿಕೊಳ್ಳಿ ಎಂಬ ಟಿಣ್ ಟಿಣ್ ಸದ್ದು. ಗಡಿಯಾರದಲ್ಲಿ ಎಂಟು ಹತ್ತು. ಇಕ್ಬಾಲನಿಗೆ ಬಾಯಿಗೆ ಬಂದಂತೆ ಬೈದೆ. ಆ ಸದ್ದು ತಡೆಯಲಾರದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಖಾಲಿ ಸೀಟಿಗೆ ಬೆಲ್ಟು ಎಳೆದು ಹಾಕಿದೆ. ಆಫೀಸಿನ ಗೇಟಿನ ಹತ್ತಿರ ದೀಪ ತಾನಾಗಿ ಆರಿತು. ಮಂಗಳವಾರವೂ ಹಾಗೆಯೇ, ಬುಧವಾರವೂ ಹಾಗೆಯೇ. ಸಂಜೆ ವಾಪಸ್ಸು ಬರುವಾಗ ಏನೂ ಇಲ್ಲ. ಆ ಹೊತ್ತು ಯಾವುದೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಗೊತ್ತಾಗಿಲ್ಲ ಎಂದುಕೊಂಡು ಮೂರು ದಿನ ತಳ್ಳಿದೆ.

ಗುರುವಾರ ರಜೆ ಹಾಕಿ, ಗ್ಯಾರೇಜು ತೆರೆಯುವ ಮೊದಲೇ ಅದರ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ಒಳಗೇ ಕೂತೆ. ಎಂಟು ಹತ್ತಕ್ಕೆ ದೀಪ ಬಂತು. ಇಕ್ಬಾಲ್ ಲ್ಯಾಪ್‌ಟಾಪ್ ಜೋಡಿಸಿದ. ಖಾಲಿ ಎಂದು ಕಲಿಸಲು ಹೋದರೆ ಯಂತ್ರ ಒಪ್ಪಲಿಲ್ಲ, ಮೊದಲು ಸೀಟು ಖಾಲಿ ಮಾಡಿ ಎಂದಿತು. ಅವನು ಸೀಟನ್ನೇ ಬಿಚ್ಚಿ, ತಂತಿ ಕಳಚದೆ ಹೊರಗೆ ತಂದು, ಬೆಂಚಿನ ಮೇಲೆ ತಲೆಕೆಳಗಾಗಿ ಇಟ್ಟ. ಆಗಲೂ ಅದೇ ಮಾತು. "ಸಾಬ್, ಕೋಯೀ ಬೈಠಾ ಹೈ" ಎಂದ, ಯಾರೋ ಕೂತಿದ್ದಾರೆ ಎಂದು. ನಿನ್ನ ತಲೆ ಎಂದೆ. ಒಂಬತ್ತೂಕಾಲಿಗೆ ಯಂತ್ರ ತಾನಾಗಿ ಸೀಟು ಖಾಲಿ ಎಂದಿತು. ಇಕ್ಬಾಲ್ ಮತ್ತೆ ಕಲಿಸಿದ, ಆದರೆ ಕಣ್ಣೆತ್ತಿ ನನ್ನ ಮುಖ ನೋಡಲಿಲ್ಲ. ಓದುಬರಹವಿಲ್ಲದ ಮಿಸ್ತ್ರಿಗಳ ಹಣೆಬರಹವೇ ಇಷ್ಟು ಎಂದುಕೊಂಡು ಮನೆಗೆ ಬಂದೆ. ಶುಕ್ರವಾರ ದೀಪ ಮತ್ತೆ ಬಂತು.

ಭಾನುವಾರ ಲಕ್ಷ್ಮೀ ನಗರದಲ್ಲಿ ಗುರುಪಾದಪ್ಪನವರ ಮನೆ ಹುಡುಕಿಕೊಂಡು ಹೋದೆ. ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡುಬಿಡಬೇಕು ಎಂದು ಮೆಟ್ಟಿಲು ಹತ್ತುವಾಗ ನಿಶ್ಚಯಿಸಿದ್ದೆ. ಅವರ ಹೆಂಡತಿ ಬಾಗಿಲು ತೆರೆದರು. "ಬನ್ನಿ ಬನ್ನಿ, ದಿನಾ ನಿಮ್ಮದೇ ಮಾತು" ಎಂದು ಒಳಗೆ ಕರೆದು ಅವಲಕ್ಕಿ ತಂದಿಟ್ಟರು. ಗುರುಪಾದಪ್ಪ ದಿಂಬಿಗೆ ಒರಗಿದ್ದರು, ಇಳಿದುಹೋಗಿದ್ದರು. ಮಲಗಿ ಮಲಗಿ ಹೊತ್ತು ಹೋಗಲ್ವಾ ಎಂದು ಕೇಳಿದೆ. ನಾನು ಕೇಳಬಾರದಿತ್ತು.

"ಬೆಳಿಗ್ಗೆ ಒಂದು ಗಂಟೆ ಚೆನ್ನಾಗಿ ಹೋಗುತ್ತೆ ಸಾರ್" ಎಂದರು. "ಎಂಟು ಹತ್ತಾಯ್ತು ಅಂದ್ರೆ ಕಣ್ಣು ಮುಚ್ಕೊಂಡು ನಿಮ್ಮ ಕಾರಲ್ಲಿ ಕೂತ್ಕೋತೀನಿ. ಬೋರ್ಡು ಓದ್ತಾ ಓದ್ತಾ ಆಫೀಸು ಬಂದುಬಿಡುತ್ತೆ. ಇಳಿದು ಕಣ್ಣು ಬಿಡ್ತೀನಿ."

"ಆ ಹೊತ್ತಲ್ಲಿ ಕೂಗಿದರೂ ಕೇಳಿಸಲ್ಲ ಇವರಿಗೆ. ಕಾಫಿ ಆರಿ ಹೋಗುತ್ತೆ" ಎಂದರು ಹೆಂಡತಿ.

ಒಪ್ಪಿಕೊಳ್ಳಬೇಕೆಂದು ಬಂದವನು ಅದನ್ನು ಬಿಟ್ಟು ಬೇರೆಲ್ಲ ಮಾತಾಡಿದೆ. ಕೊನೆಗೆ ಏಳುತ್ತಾ ಹೇಳಿದೆ, "ಸೆನ್ಸರ್ ಸರಿಹೋಗಿದೆ. ಕಾಲು ವಾಸಿ ಮಾಡ್ಕೊಳ್ಳಿ, ಮುಂದಿನ ಸೀಟು ನಿಮಗೇ." ಅವರು ಎಂದಿನಂತೆ ನಕ್ಕರು. ಅದರಲ್ಲಿ ಕುಹಕ ಇರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಹಿಂದಿನ ಸೀಟು ಅವತ್ತೂ ಖಾಲಿ ಇತ್ತಲ್ಲ ಸಾರ್."

ಅಷ್ಟೇ ಅಂದರು. ಬಾಗಿಲು ಹಾಕಿಕೊಳ್ಳುವಂತೆ ಹೆಂಡತಿಗೆ ಹೇಳಿದರು. ನನ್ನ ಆ ಚೊಕ್ಕ ಸುಳ್ಳಿನಲ್ಲಿ ಅಷ್ಟು ದೊಡ್ಡ ತೂತು ಇದ್ದದ್ದು ನನಗೆ ಹೊಳೆದಿರಲಿಲ್ಲ. ಅವರು ಅದನ್ನು ಬೂತಿನ ಮುಂದೆ, ಆ ಒಂದು ಕ್ಷಣದಲ್ಲೇ ಕಂಡಿದ್ದರು. ಕಂಡೂ ನನ್ನ ಮಾನ ಕಾದು ಬಸ್ಸಿಗೆ ಹೋಗಿದ್ದರು.

ಸೋಮವಾರ ಎಂಟು ಹತ್ತು ದಾಟಿತು, ದೀಪ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ಗುರುವಾರ ಮಾಡಿದ ರಿಪೇರಿ ನಿಧಾನವಾಗಿ ಹಿಡಿಯಿತು ಎನ್ನಬಹುದು. ಹಾಗಾದರೆ ಬೆಂಚಿನ ಮೇಲಿನ ಸೀಟು? ನಾನು ಓದಿದ್ದು ಇಂಜಿನಿಯರಿಂಗ್. ಇದಕ್ಕೊಂದು ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ನಿಮಗೆ ಹೊಳೆದರೆ ಅದು ನಿಮ್ಮಲ್ಲೇ ಇರಲಿ, ಕೇಳುವ ಧೈರ್ಯ ನನಗೀಗ ಇಲ್ಲ. ನಾಲ್ಕು ತಿಂಗಳ ಮೇಲೆ ಗುರುಪಾದಪ್ಪ ಕೋಲೂರಿಕೊಂಡು ಕೆಲಸಕ್ಕೆ ಬಂದರು. ಬರುತ್ತಿದ್ದುದು ಅದೇ ಬಸ್ಸಿನಲ್ಲಿ. ನಾನು ಮೂರು ಸಲ ಬೂತಿನ ಮುಂದೆ ಕಾರು ನಿಲ್ಲಿಸಿ ಕರೆದೆ. ಮೂರು ಸಲವೂ ಕೈ ಮುಗಿದು, "ನೀವು ಹೊರಡಿ ಸಾರ್, ನಿಮಗೆ ತಡವಾಗುತ್ತೆ" ಎಂದರು.