ಕೌಜುಗದ ಕೂಗಿನ ಲೆಕ್ಕ

ಫೆಬ್ರುವರಿ ಮೂರು, ಸೋಮವಾರ, ಬೆಳಿಗ್ಗೆ ಐದು ನಲವತ್ತು. ಬೀದರಿನ ಮೈಲೂರಿನಲ್ಲಿ ನಾನು ಹೊಸದಾಗಿ ಬಾಡಿಗೆಗೆ ಬಂದ ಕೋಣೆಯ ಕೆಳಗಿನಿಂದ ಮೊದಲ ಕೂಗು ಕೇಳಿದ್ದು ಆಗ. ದಿನಚರಿಯಲ್ಲಿ ಗೆರೆ ಎಳೆಯುತ್ತ ಎಣಿಸಿದೆ. ಆರೂವರೆಯವರೆಗೆ ಇನ್ನೂರ ಹನ್ನೆರಡು. ಎಣಿಸಿದ್ದು ದೂರು ಹೇಳಲಿಕ್ಕೆ. ಭಾಲ್ಕಿಯ ಕಚೇರಿಗೆ ದಿನಾ ಬಸ್ಸು ಹಿಡಿಯುವವನಿಗೆ ಬೆಳಗಿನ ಆ ಒಂದು ತಾಸಿನ ನಿದ್ದೆ ದೊಡ್ಡದು.

ಕೆಳಗಿರುವವರು ಮನೆಯ ಮಾಲೀಕರು. ಸ್ಕೂಟರ್ ರಿಪೇರಿ ಬಿಟ್ಟು ಮನೆಯಲ್ಲಿ ಕುಳಿತ ಮುದುಕರು, ಎಲ್ಲರಿಗೂ ಚಾಚಾ. ನಾನು ಹೋದಾಗ ಅವರು ಬಿದಿರು ಕಡ್ಡಿಯ ಪಂಜರದ ಹಸಿರು ಗವಸು ಎತ್ತಿದರು. ಒಳಗೊಂದು ಕೌಜುಗ. ಕಡ್ಡಿಗೆ ಬಡಿದು ಬಡಿದು ಹಣೆಯ ಪುಕ್ಕ ಉದುರಿ ಚರ್ಮ ಕಾಣುತ್ತಿತ್ತು.

“ಔರಾದ ಕಡೆ ನನ್ನ ತಂಗಿ ಹೊಲ ಅದ ಬೇಟಾ. ಉದ್ದು ಕೀಳುವಾಗ ತತ್ತಿ ಸಿಕ್ಕಿದ್ವು, ಕೋಳಿ ಕೆಳಗ ಇಟ್ವಿ. ನಾಕರಾಗ ಇಂವ ಒಬ್ಬನೇ ಉಳದಾನ. ನಿನ್ನ ನಿದ್ದಿ ಹಾಳಾಯ್ತೇನು? ನನಗ ಮೂರು ವರ್ಷದಿಂದ ಇಂವನೇ ಅಲಾರಂ.”

ದೂರು ಬಾಯಲ್ಲೇ ಉಳಿಯಿತು. ಭಾನುವಾರಗಳಲ್ಲಿ ನಾನೂ ಅವರ ಜೊತೆ ಹೋಗತೊಡಗಿದೆ. ಗವಸು ಹಾಕಿದ ಪಂಜರ ಹಿಡಿದು ಊರಾಚೆಯ ಹೊಲಕ್ಕೆ ನಡೆಯುವುದು, ಇಬ್ಬನಿಯ ಹುಲ್ಲಿನ ಮೇಲೆ ಇಡುವುದು, ಮಣ್ಣು ಕೆದರಿ ಗೆದ್ದಲು ತಿನ್ನಿಸುವುದು ಅವರ ಪದ್ಧತಿ. ಇದು ಕೂಗಿದರೆ ಹೊಲದೊಳಗಿನ ಕಾಡು ಕೌಜುಗ ಉತ್ತರ ಕೊಡುತ್ತಿತ್ತು. ದಿನಚರಿ ಪುಸ್ತಕದಲ್ಲಿ ಕೂಗಿಗೊಂದು, ಉತ್ತರಕ್ಕೊಂದು ಕಾಲಂ ಮಾಡಿದೆ. ಪ್ರತಿ ಉತ್ತರಕ್ಕೂ ಇದು ಕಡ್ಡಿಗೆ ಹಣೆ ಬಡಿಯುತ್ತಿತ್ತು. ನಾಲ್ಕನೇ ಭಾನುವಾರ ಎಣಿಸಲಾಗದೆ ಪುಸ್ತಕ ಮುಚ್ಚಿದೆ.

“ಬಿಟ್ಟುಬಿಡ್ರಿ ಚಾಚಾ. ಇದನ್ನ ಇಟ್ಕೊಳ್ಳೋದು ಕಾನೂನಿಗೆ ವಿರುದ್ಧ ಅದರಿ.”

“ಕಾನೂನು ನಿನಗ ಗೊತ್ತದ. ಹೊಲ ಇಂವಗ ಗೊತ್ತದೇನು? ಹದ್ದು ನೋಡಿಲ್ಲ, ಮುಂಗುಸಿ ನೋಡಿಲ್ಲ. ಬೆಕ್ಕು ಬಂದ್ರ ಸಲಾಂ ಹೊಡೀತಾನ.”

ಎರಡು ವಾರ ನಾನು ಅದೇ ಮಾತು ಹೇಳಿದೆ. ಅರಣ್ಯ ಇಲಾಖೆಯವರನ್ನು ಕೇಳಬೇಕಿತ್ತು. ಕೇಳಿದರೆ ಮುದುಕರಿಗೆ ದಂಡ ಬಿದ್ದೀತೆಂದು ಸುಮ್ಮನಾದೆ. ಕೊನೆಗೆ ಅವರೇ ಒಂದು ಸಂಜೆ, “ಆಯ್ತು, ನಡಿ,” ಎಂದರು.

ಮಾರ್ಚ್ ಹದಿನಾರು. ಬಸ್ಸಿನಲ್ಲಿ ಔರಾದಕ್ಕೆ ಹೋಗಿ, ಮೊಟ್ಟೆ ಸಿಕ್ಕಿದ ಅದೇ ಹೊಲದಲ್ಲಿ, ಹತ್ತು ಇಪ್ಪತ್ತಕ್ಕೆ ಬಾಗಿಲು ತೆಗೆದೆವು. ಅದು ಹೊರಬಂದು ಏಳು ಹೆಜ್ಜೆ ನಡೆದು, ತಿರುಗಿ ಪಂಜರದೊಳಗೇ ಹೋಯಿತು. ಮೂರು ಸಲ ಹೀಗೇ ಆಯಿತು. ಕೊನೆಗೆ ಚಾಚಾ ಅದನ್ನು ಕೈಯಿಂದ ಹೊರಗಿಟ್ಟು, ಪಂಜರ ಎತ್ತಿಕೊಂಡು ಹೊರಟರು. ಅವರು ಹಿಂತಿರುಗಿ ನೋಡಲಿಲ್ಲ. ನಾನು ನೋಡಿದೆ. ಪಂಜರ ಇದ್ದ ಜಾಗದಲ್ಲಿ ಅದು ನಿಂತೇ ಇತ್ತು.

ಮುಂದಿನ ಭಾನುವಾರ ಒಬ್ಬನೇ ಹೋದೆ. ಕರಿಮಣ್ಣಿನ ಮೇಲೆ ಪಂಜರದ ದುಂಡು ಗುರುತು ಹಾಗೇ ಇತ್ತು. ಪುಕ್ಕಗಳು ಆ ಗುರುತಿನೊಳಗೇ ಬಿದ್ದಿದ್ದವು.

ಸಂಜೆ ಚಾಚಾ ಗೇಟಿನಲ್ಲಿ ಕಾಯುತ್ತಿದ್ದರು.

“ಕೂಗ್ತಿದ್ನೇನು?”

“ಹೌದ್ರಿ ಚಾಚಾ.”

“ಎಷ್ಟು ಎಣಿಸ್ದಿ?”

“ನಲವತ್ತೊಂದು.”

“ಕಮ್ಮಿ ಆಯ್ತು,” ಎಂದರು. ಗೇಟಿನ ಚಿಲಕ ಹಾಕುತ್ತ, “ಜೋಡಿ ಸಿಕ್ಕಿರಬೇಕು.”

ಪುಸ್ತಕದಲ್ಲಿ ಆ ದಿನದ ಎದುರು ಸೊನ್ನೆ ಇದೆ. ಚಾಚಾ ಅವರಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಈ ಪತ್ರಿಕೆಯಲ್ಲಿ ನಿಜ ಬರೆಯುತ್ತಿದ್ದೇನೆ. ಪಂಜರ ತಪ್ಪು ಎಂದು ಈಗಲೂ ನಂಬುತ್ತೇನೆ. ಆದರೆ ಬಾಗಿಲು ತೆಗೆಯುವ ಮೊದಲು ಮಾಡಬೇಕಾದದ್ದು ಏನೋ ಇತ್ತು, ಅದು ನನಗೆ ಗೊತ್ತಿರಲಿಲ್ಲ. ಸಾಕಿದ ಕೌಜುಗವನ್ನು ಹೊಲಕ್ಕೆ ಮರಳಿಸಿ, ಅದು ಬದುಕಿದ್ದನ್ನು ಕಂಡವರು ಇದ್ದರೆ ದಯವಿಟ್ಟು ಬರೆಯಿರಿ. ಎಷ್ಟು ದಿನ ಹಿಡಿಯಿತು, ಮೊದಲು ಎಲ್ಲಿ ಇರಿಸಿದಿರಿ ಎಂಬುದನ್ನೂ ತಿಳಿಸಿ. ಬೇಗ ಬೇಕು. ಔರಾದದಲ್ಲಿ ಚಾಚಾ ಅವರ ತಂಗಿಯ ಮನೆಯಲ್ಲಿ ಕೋಳಿಯ ಕೆಳಗೆ ಈ ವರ್ಷ ಮತ್ತೆ ಕೌಜುಗದ ಮೊಟ್ಟೆ ಒಡೆದು ಎರಡು ಮರಿ ಬಂದಿವೆ.